ದಾರಿ ತೋರಿದವರ ಹೆಸರು
(ಬಿಳಿಗಿರಿಯ ನಡಿಗೆಗೆ ಹೊರಟಿರುವ ಕೋಲಾರದ ಚಿನ್ನದ ಗಣಿಯೂರಾದ ನಂದಿದುರ್ಗದ ತರುಣರಿಗೊಂದು ಬಹಿರಂಗ ಪತ್ರ)

ತರುಣ ಮಿತ್ರರೇ,

ಬರುವ ಪುಷ್ಯಮಾಸದಲ್ಲಿ ನೀವು ಹದಿನೆಂಟು ಮಂದಿ, ಬೆಂಗಳೂರಿನ ನಿಮ್ಮ ನಿಮ್ಮ ಉದ್ಯೋಗಗಳಿಗೆ ಮೂರು ದಿನದ ರಜೆ ಪಡೆದು, ನಿತ್ಯವೂ ನಸುಕಿನಲ್ಲಿ ಹಿಡಿಯುವ ಮಾರಿಕುಪ್ಪಂ ರೈಲನ್ನು ಈ ಒಂದು ಬಾರಿ ಕಾಡಿನ ಸಲುವಾಗಿ ಹತ್ತಿ, ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಆ ಕಾಡಿನ ಮೂಲನಿವಾಸಿಗಳಾದ ಸೋಲಿಗರೊಬ್ಬರ ಹಿಂದೆ ಕಾಲ್ನಡಿಗೆಯಲ್ಲಿ ಸಂಚರಿಸುವ ಸಂಕಲ್ಪ ಮಾಡಿರುವಿರೆಂಬ ವಾರ್ತೆಯನ್ನು ಕೇಳಿದಂದಿನಿಂದ, ಎಪ್ಪತ್ತೈದು ದಾಟಿದ ಈ ದೇಹದ ಕಾಲುಗಳು ಮಾಡಲಾರದ ಪ್ರಯಾಣವನ್ನು ನನ್ನ ಮನಸ್ಸು ಮಾಡತೊಡಗಿದೆ. ನಿಮ್ಮಲ್ಲಿ ಹಲವರ ತಂದೆತಾಯಂದಿರು ನನ್ನ ತರಗತಿಯಲ್ಲಿ ಕುಳಿತು ಕನ್ನಡ ಕಲಿತವರು. ಆ ಸಲಿಗೆಯಿಂದಲೇ ನೀವು ನಿಮ್ಮ ಕೈಪಿಡಿಗೆ ಎರಡು ಸಾಲಿನ ಆಶೀರ್ವಚನ ಬೇಡಿದಿರಿ. ಬರೆಯಲು ಕುಳಿತಾಗ ಎರಡು ಸಾಲು ಸಾಲದಾಯಿತು. ನಾನು ಹೇಳಬೇಕಾಗಿರುವುದರಲ್ಲಿ ನನ್ನದೇ ಒಂದು ಅಪರಾಧದ ನಿವೇದನೆಯೂ ಸೇರಿರುವುದರಿಂದಲೂ, ಅದು ನಮ್ಮೂರಿನ ಹಿರಿಯರಿಗೂ ತಿಳಿದಿರಬೇಕಾದ ಸಂಗತಿಯಾದುದರಿಂದಲೂ, ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ಈ ನಡಿಗೆಯ ಬೀಜ ಎಲ್ಲಿಂದ ಬಂತೆಂಬುದನ್ನು ನೀವೇ ಹೇಳಿದಿರಿ. ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಗೆ ಸಮೀಪದಲ್ಲಿರುವ ಹಿಂಚಿನ್‌ಬ್ರೂಕ್ ಎಂಬ ಉಷ್ಣವಲಯದ ದ್ವೀಪದ ಚಿತ್ರಗಳನ್ನು ನಿಮ್ಮಲ್ಲೊಬ್ಬರು ನನಗೆ ದೂರವಾಣಿಯ ತೆರೆಯ ಮೇಲೆ ತೋರಿಸಿದರು: ಮೋಡ ಕವಿದ ಶಿಖರಗಳು, ಸಮುದ್ರಕ್ಕೆ ಇಳಿಯುವ ದಟ್ಟ ಕಾಡು, ಜಲಪಾತಗಳು, ಅವುಗಳ ನಡುವೆ 32 ಕಿಲೋಮೀಟರಿನ ಒಂದು ಕಾಲುಹಾದಿ. ಅದನ್ನು ಸಾಮಾನ್ಯವಾಗಿ ನಾಲ್ಕು ದಿನಗಳಲ್ಲಿ ನಡೆದು ಮುಗಿಸುತ್ತಾರೆಂದೂ, ಏಕಕಾಲಕ್ಕೆ 40 ಮಂದಿಗಿಂತ ಹೆಚ್ಚಿನವರನ್ನು ಆ ಹಾದಿಯ ಮೇಲೆ ಬಿಡುವುದಿಲ್ಲವೆಂದೂ ಅವರು ವಿವರಿಸಿದರು. ಆ ನೆಲದ ಮೂಲನಿವಾಸಿಗಳು ಭರತದ ನೀರಿನಲ್ಲಿ ಒಳಬಂದ ಮೀನು ಇಳಿತದಲ್ಲಿ ಹೊರಹೋಗದಂತೆ ತಡೆಯಲು ಕಟ್ಟಿದ ಕಲ್ಲಿನ ಒಡ್ಡುಗಳು ಆ ದ್ವೀಪದ ದಡದಲ್ಲಿ ಇಂದಿಗೂ ಕಾಣಸಿಗುತ್ತವೆ. ಹಾಗಿದ್ದೂ ಲೋಕವು ಆ ದ್ವೀಪವನ್ನು ಕರೆಯುವ ಹೆಸರು 1770ರಲ್ಲಿ ಹಡಗಿನ ಮೇಲಿಂದ ಅದನ್ನು ನೋಡಿಕೊಂಡು ಹಾದುಹೋದ ಕುಕ್ ಎಂಬ ನಾವಿಕನು ಅಲ್ಲಿನ ಪರ್ವತಕ್ಕೆ ಇಟ್ಟ ಹೆಸರು. ಅದು ಮುಖ್ಯಭೂಮಿಯಿಂದ ಬೇರ್ಪಟ್ಟ ದ್ವೀಪವೆಂಬುದು ಕೂಡ ಆತನಿಗೆ ತಿಳಿದಿರಲಿಲ್ಲ. ಸಹಸ್ರಾರು ವರ್ಷ ಅಲ್ಲಿ ಮೀನು ಹಿಡಿದು ಬಾಳಿದವರು ಅದಕ್ಕಿಟ್ಟ ಹೆಸರು ಭೂಪಟದ ಕೆಳಗೆ ಮುಚ್ಚಿಹೋಯಿತು.

ಅಷ್ಟು ದೂರ ಹೋಗುವ ಹಣ ನಮ್ಮಲ್ಲಿಲ್ಲವೆಂದು ನೀವು ಹೇಳಿದಾಗ ನಿಮ್ಮ ಧ್ವನಿಯಲ್ಲಿದ್ದ ವಿಷಾದವನ್ನು ನಾನು ಗಮನಿಸಿದೆ. ಆ ವಿಷಾದಕ್ಕೆ ಕಾರಣವಿಲ್ಲ. ಪೂರ್ವಜರ ನೆಲದಲ್ಲಿ ಇಂದಿಗೂ ಬಾಳುತ್ತಿರುವ ಜನರ ಹಿಂದೆ ನಡೆಯುವ ಭಾಗ್ಯಕ್ಕಾಗಿ ಸಮುದ್ರ ದಾಟಬೇಕಾಗಿಲ್ಲ. ಇದಲ್ಲದೆ, ಬಿಳಿಗಿರಿಯ ಸೀಮೆಗೂ ನಮ್ಮ ನಂದಿದುರ್ಗಕ್ಕೂ ನೀವು ಎಣಿಸಿರದಂಥ ಒಂದು ಹಳೆಯ ಬಾಂಧವ್ಯವಿದೆ. ಆ ಬೆಟ್ಟಗಳಿಗೆ ಅನತಿ ದೂರದಲ್ಲಿ ಕಾವೇರಿಯು ಎರಡು ಕವಲಾಗಿ ಸೀಳಿ, ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕಿ, ನಡುವೆ ಶಿವನಸಮುದ್ರವೆಂಬ ದ್ವೀಪವನ್ನು ನಿರ್ಮಿಸಿದ್ದಾಳೆ. ಅಲ್ಲಿ ಉತ್ಪನ್ನವಾದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ನಮ್ಮ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು ಅದಾದ ಮೂರು ವರ್ಷಗಳ ಮೇಲೆ. ನಮ್ಮ ಅಜ್ಜಂದಿರು ಭೂಗರ್ಭದಲ್ಲಿ ಕಂಡ ಮೊದಲ ವಿದ್ಯುತ್ತಿನ ಬೆಳಕು ನೀವೀಗ ಹೊರಟಿರುವ ದಿಕ್ಕಿನಿಂದ ಬಂದುದು. ಮಾರ್ಗಮಧ್ಯದಲ್ಲಿ ಒಂದು ಗಂಟೆ ಬಿಡುವಾದರೆ ಶಿವನಸಮುದ್ರದ ಸೇತುವೆಯ ಮೇಲೆ ನಿಂತು ಆ ನೀರನ್ನು ನೋಡಿಬನ್ನಿರಿ.

ಈಗ ನಮ್ಮ ನೆಲದ ಕಥೆಯನ್ನೇ ಕೊಂಚ ನೆನೆಯೋಣ. ಕೋಲಾರದ ಚಿನ್ನದ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬ ಅಧಿಕಾರಿಯಿಂದ ಆರಂಭಿಸುತ್ತಾರೆ. 1802ರಲ್ಲಿ ಮೈಸೂರು ಸೀಮೆಯ ಪೂರ್ವದ ಗಡಿಯನ್ನು ಅಳೆಯುತ್ತ ಈ ಕಡೆ ಬಂದ ಆತನು ಇಲ್ಲಿನ ಮಣ್ಣಿನಲ್ಲಿ ಹೊನ್ನಿದೆಯೆಂಬ ವದಂತಿಯನ್ನು ಕೇಳಿ, ತೋರಿಸಿದವರಿಗೆ ಬಹುಮಾನ ಸಾರಿದನು. ಉರಿಗಾಮಿನ ಹಳ್ಳಿಗರು ಗಾಡಿಯಲ್ಲಿ ಮಣ್ಣು ಹೇರಿ ತಂದು, ಅವನ ಕಣ್ಣೆದುರಿನಲ್ಲೇ ನೀರಿನಲ್ಲಿ ತೊಳೆದು, ತಳದಲ್ಲಿ ಉಳಿದ ಹೊನ್ನಿನ ಕಣಗಳನ್ನು ತೋರಿಸಿದರು. ಇದನ್ನು ವಾರೆನ್ ತನ್ನ ವರದಿಯಲ್ಲಿ ಬರೆದನು. ಆ ವರದಿಯ ಜಾಡು ಹಿಡಿದು ಹಲವು ದಶಕಗಳ ಅನಂತರ ಲವೆಲ್ ಎಂಬಾತನು ಬಂದನು. 1880ರಲ್ಲಿ ಜಾನ್ ಟೇಲರ್ ಕಂಪೆನಿ ಬಂತು. ಮುಂದಿನದು ನಿಮಗೆ ಗೊತ್ತು. ವಾರೆನ್ನನ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ನಮ್ಮ ಪೇಟೆಗಳಿಗೂ ಶಾಫ್ಟುಗಳಿಗೂ ರಾಬರ್ಟ್‌ಸನ್, ಆಂಡರ್ಸನ್ ಮೊದಲಾದ ಆಂಗ್ಲರ ಹೆಸರುಗಳಿವೆ. ಆದರೆ ಮೊಣಕಾಲುದ್ದ ನೀರಿನಲ್ಲಿ ನಿಂತು ಆ ಮಣ್ಣನ್ನು ತೊಳೆದವರಾರು, ಎಲ್ಲಿಯ ಮಣ್ಣು ತೊಳೆಯಲು ಯೋಗ್ಯವೆಂಬ ಜ್ಞಾನವನ್ನು ಯಾವ ತಲೆಮಾರಿನಿಂದ ಪಡೆದಿದ್ದರು, ಗಾಡಿಯ ಎತ್ತುಗಳನ್ನು ಹೊಡೆದವನ ಹೆಸರೇನು? ಮುಂದೆ ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದ ಒಂದು ಮಹೋದ್ಯಮಕ್ಕೆ ಮೊದಲು ದಾರಿ ತೋರಿದ ಜನ ನಮ್ಮ ಚರಿತ್ರೆಯಲ್ಲಿ ಇಂದಿಗೂ "ಹಳ್ಳಿಗರು" ಎಂಬ ಒಂದು ಬಹುವಚನವಾಗಿ ಮಾತ್ರ ಉಳಿದಿದ್ದಾರೆ.

ನನ್ನ ತಂದೆಯವರು ನಂದಿದುರ್ಗ ಗಣಿಯಲ್ಲಿ ಮರದ ಆಸರೆ ಕಟ್ಟುವ ತಂಡದಲ್ಲಿ ದುಡಿದರು. ಮೊದಲ ಬಾರಿ ಕೇಜಿನಲ್ಲಿ ಇಳಿದ ದಿನ, ಹಳಬ ಮೇಸ್ತ್ರಿಯೊಬ್ಬರು ಅವರ ಕೈಗೆ ಒಂದು ಸಣ್ಣ ಸುತ್ತಿಗೆ ಕೊಟ್ಟು, ಚಾವಣಿಯ ಬಂಡೆಯನ್ನು ತಟ್ಟಿ ಕೇಳಲು ಕಲಿಸಿದರಂತೆ: ಗಟ್ಟಿ ಬಂಡೆ ಗಂಟೆಯಂತೆ ನಿನದಿಸುತ್ತದೆ, ಬಿರುಕು ಬಿಟ್ಟದ್ದು ಒಡಕು ಮಡಕೆಯಂತೆ ಮಂದವಾಗಿ ಮಾರ್ನುಡಿಯುತ್ತದೆ. "ಬಂಡೆ ಮಾತಾಡಿದ ಮೇಲೆಯೇ ನೀನು ಮಾತಾಡು" ಎಂಬುದು ಆ ಮೇಸ್ತ್ರಿಯವರ ಉಪದೇಶವಾಗಿತ್ತೆಂದು ತಂದೆಯವರು ಹೇಳುತ್ತಿದ್ದರು. ಒಂದು ಆರು ತಿಂಗಳ ಕಾಲ ತಂದೆಯವರು ಸುರಂಗದಲ್ಲಿ ಆ ಮೇಸ್ತ್ರಿಯವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯಲಿಲ್ಲ. ಭೂಗರ್ಭದಲ್ಲಿ ಬಂಡೆ ಸಿಡಿದು ರಾಕ್ ಬರ್ಸ್ಟ್ ಆದಾಗ ಲೈನುಗಳೆಂಬ ಕಾರ್ಮಿಕರ ಸಾಲುಮನೆಗಳಲ್ಲಿ ಪಾತ್ರೆಗಳು ನಡುಗಿ, ಹೆಂಗಸರು ಶಾಫ್ಟಿನ ಕಡೆಗೆ ಓಡಿದ ಕಥೆಗಳನ್ನು ಕೇಳಿಯೇ ನೀವು ಬೆಳೆದಿರುವಿರಿ. ಆದ್ದರಿಂದ ತಿಳಿದವನ ಹಿಂದೆ ನಡೆಯುವುದೆಂದರೆ ಏನೆಂಬುದನ್ನು ನಿಮಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ. ಅದು ನಮ್ಮ ಮನೆಗಳಲ್ಲಿ ಪ್ರಾಣದ ಬೆಲೆ ಕೊಟ್ಟು ಕಲಿತ ವಿದ್ಯೆ.

ಬಿಳಿಗಿರಿಗೆ ನಾನು ಹೋದುದು 1988ರ ಚಳಿಗಾಲದಲ್ಲಿ, ಹನ್ನೆರಡು ವಿದ್ಯಾರ್ಥಿಗಳೊಡನೆ. ಆಗ ಅದು ವನ್ಯಜೀವಿಧಾಮ ಮಾತ್ರವಾಗಿತ್ತು. ಹುಲಿ ಸಂರಕ್ಷಿತ ಪ್ರದೇಶವೆಂಬ ಘೋಷಣೆ 2011ರಲ್ಲಿ ಆದುದು. ಅರಣ್ಯ ಇಲಾಖೆಯ ಅನುಮತಿ ಪಡೆದು, ಯಳಂದೂರಿನಿಂದ ಮೇಲೇರಿ, ಬೆಟ್ಟದ ಊರಿನಲ್ಲಿ ತಂಗಿ, ಮೂರು ದಿನ ನಡೆದೆವು. ನಮಗೆ ದಾರಿ ತೋರಲು ಒಪ್ಪಿದವರು ಐವತ್ತರ ಆಸುಪಾಸಿನ ಒಬ್ಬ ಸೋಲಿಗರು. ಕೃಶವಾದ, ಆದರೆ ಹುರಿಗೊಂಡ ಮೈ, ಎಡಭುಜದ ಮೇಲೆ ಕರಡಿಯ ಉಗುರಿನ ಮೂರು ಗೆರೆಗಳ ಗಾಯದ ಕಲೆ, ಹೆಗಲ ಮೇಲೊಂದು ಮಾಸಿದ ಕಂಬಳಿ, ಬರಿಗಾಲು. ಮಾತು ಬಹಳ ಕಡಮೆ. ಮೊದಲನೆಯ ದಿನದ ನಡಿಗೆಯಲ್ಲಿ ಹುಡುಗರು ಗದ್ದಲವೆಬ್ಬಿಸಿದಾಗ ಅವರು ಗದರಲಿಲ್ಲ, ಸುಮ್ಮನೆ ನಿಂತುಬಿಟ್ಟರು. ನಾವೂ ನಿಂತೆವು. ಗದ್ದಲವಡಗಿದ ಮೇಲೆಯೇ ಅವರ ಕಾಲು ಮುಂದೆ ಹೋಯಿತು. ಮೂರು ಬಾರಿ ಹೀಗಾದ ಮೇಲೆ ಹನ್ನೆರಡು ಹುಡುಗರೂ ತಾವಾಗಿಯೇ ಮೌನವನ್ನು ಕಲಿತರು. ಹದಿನೈದು ವರ್ಷದ ಉಪಾಧ್ಯಾಯ ವೃತ್ತಿಯಲ್ಲಿ ನನಗೆ ಅಂಥ ಶಿಸ್ತನ್ನು ತರಗತಿಯಲ್ಲಿ ತರಲಾಗಿರಲಿಲ್ಲ.

ಆ ಮೌನದಲ್ಲಿ ಕಾಡು ನಿಧಾನವಾಗಿ ತೆರೆದುಕೊಂಡಿತು. ಬೆಟ್ಟದ ಬುಡದ ಕುರುಚಲಿನಿಂದ ಆರಂಭವಾಗಿ, ಹೊನ್ನೆ ಮತ್ತಿಗಳ ಎಲೆಯುದುರುವ ಕಾಡನ್ನು ಹಾದು, ಕೊನೆಗೆ ಹುಲ್ಲಿನ ಬೋಳುಗುಡ್ಡಗಳ ಮಡಿಲಿನಲ್ಲಿ ಅಡಗಿಕೊಂಡ ಶೋಲೆ ಕಾಡಿನ ತನಕ, ಒಂದೇ ಪರ್ವತಶ್ರೇಣಿಯಲ್ಲಿ ಇಷ್ಟು ವಿಧದ ವನಗಳು ಸೇರಿರುವುದಕ್ಕೆ ಕಾರಣ, ಆ ಬೆಟ್ಟಗಳು ಪಶ್ಚಿಮಘಟ್ಟಕ್ಕೂ ಪೂರ್ವಘಟ್ಟಕ್ಕೂ ನಡುವೆ ಸೇತುವೆಯಂತೆ ನಿಂತಿರುವುದು. ಸುಮಾರು 600 ಮೀಟರಿನಿಂದ 1800 ಮೀಟರಿನವರೆಗೂ ಅವು ಏರುತ್ತವೆ. ಇದು ನಾನು ಪುಸ್ತಕದಲ್ಲಿ ಓದಿದ್ದು. ಆ ಹಿರಿಯರು ಓದಿದ್ದು ಬೇರೆ ಗ್ರಂಥ. ಗಾಳಿಯಲ್ಲಿ ನಮಗಾರಿಗೂ ತಿಳಿಯದ ಒಂದು ವಾಸನೆಯನ್ನು ಹಿಡಿದು ಅವರು ಕೈ ಮೇಲೆತ್ತಿದರು. ನಾವು ಅರ್ಧ ಗಳಿಗೆ ಬಿದಿರಿನ ಮರೆಯಲ್ಲಿ ಉಸಿರು ಬಿಗಿಹಿಡಿದು ಕುಳಿತ ಮೇಲೆ, ನಾವು ಹೋಗಲಿದ್ದ ಹಾದಿಯನ್ನೇ ಅಡ್ಡಗಟ್ಟಿ ಆನೆಯ ಹಿಂಡೊಂದು ಸದ್ದಿಲ್ಲದೆ ಹಾದುಹೋಯಿತು. ಕಡವೆಯ ಒಂದು ಕೂಗಿಗೆ ಹುಲಿಯೆಂದೂ, ಅದೇ ಕಡವೆಯ ಇನ್ನೊಂದು ಕೂಗಿಗೆ ಏನೂ ಅಲ್ಲವೆಂದೂ ಅವರು ಹೇಳುತ್ತಿದ್ದರು. ನನ್ನ ಕಿವಿಗೆ ಎರಡೂ ಒಂದೇ ಆಗಿದ್ದವು. ಹೆಜ್ಜೇನಿನ ಹುಟ್ಟುಗಳು ತೂಗುತ್ತಿದ್ದ ಬಂಡೆಯನ್ನು ತೋರಿಸಿ, ಯಾವ ತಿಂಗಳಲ್ಲಿ ಯಾವ ಹೂವಿನ ಜೇನು ಕಹಿಯಾಗಿಯೂ ಯಾವುದರದು ಸಿಹಿಯಾಗಿಯೂ ಇರುತ್ತದೆಂಬುದನ್ನು ಬೆರಳು ಮಡಿಸಿ ಎಣಿಸಿದರು. ನೆಲ್ಲಿಯ ಮರದಿಂದ ನಮ್ಮ ಬಾಯಾರಿಕೆಗೆ ಬೇಕಾದಷ್ಟು ಕಾಯಿ ಕಿತ್ತು, ಕೈಗೆಟುಕುವ ಕೊಂಬೆಯಲ್ಲಿ ಇನ್ನೂ ತುಂಬಿರುವಾಗಲೇ ನಿಲ್ಲಿಸಿದರು. ಏಕೆಂದು ಹುಡುಗನೊಬ್ಬ ಕೇಳಿದುದಕ್ಕೆ, "ಅದು ಕಡವೆ ಪಾಲು ಸ್ವಾಮಿ" ಎಂದಷ್ಟೇ ಹೇಳಿ ನಡೆದರು.

ದೊಡ್ಡ ಸಂಪಿಗೆಯ ಬಳಿಗೆ ನಮ್ಮನ್ನು ಕರೆದೊಯ್ದುದು ಎರಡನೆಯ ದಿನ. ಭಾರ್ಗವಿ ನದಿಯ ದಡದಲ್ಲಿ ನಿಂತಿರುವ ಆ ವೃಕ್ಷಕ್ಕೆ ಆರುನೂರು ವರ್ಷಕ್ಕೂ ಹೆಚ್ಚಿನ ವಯಸ್ಸೆಂದು ಹೇಳುತ್ತಾರೆ; ಬುಡದಲ್ಲಿ ಲಿಂಗಗಳು, ತ್ರಿಶೂಲಗಳು; ಸೋಲಿಗರಿಗೆ ಅದು ಮರವೂ ಹೌದು, ದೇವರೂ ಹೌದು. ಬಹು ಹಿಂದೆಯೇ ಪಾದರಕ್ಷೆ ಕಳಚಬೇಕೆಂದು ಅವರು ಸನ್ನೆ ಮಾಡಿದರು. ಆ ಕಾಡು ಸೋಲಿಗರ ಲೆಕ್ಕದಲ್ಲಿ ಎಲ್ಲೆಗಳಾಗಿ ಹಂಚಿಹೋಗಿದೆಯೆಂಬುದೂ, ಒಂದೊಂದು ಎಲ್ಲೆ ಒಂದೊಂದು ಕುಲಕ್ಕೆ ಸೇರಿದ್ದು, ಅದರೊಳಗೆ ದೇವರು, ಮಾರಮ್ಮ, ವೀರು, ಹಿರಿಯರ ಸ್ಮರಣೆಯ ಕಲ್ಲುಗುಡಿ, ನೀರಿನ ಅಬ್ಬಿ ಎಂಬ ಪುಣ್ಯಸ್ಥಾನಗಳಿವೆಯೆಂಬುದೂ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಸೋಲಿಗರೇ ಸಂಶೋಧಕರೊಡನೆ ಸೇರಿ ಅಂಥ ನೂರಾರು ತಾಣಗಳನ್ನು ನಕ್ಷೆಗೆ ಇಳಿಸಿದಾಗ. 1988ರಲ್ಲಿ ನನ್ನ ಕಣ್ಣಿಗೆ ಕಂಡದ್ದು ಬರಿಯ ಕಾಡು. ನಾನು ನಡೆದದ್ದು ಮಾತ್ರ ಒಂದು ಮನೆಯ ಅಂಗಳ, ಪಡಸಾಲೆ, ದೇವರಕೋಣೆಗಳ ನಡುವೆ.

ಮೂರನೆಯ ದಿನ ಹೊನ್ನಮೇಟಿಯ ಕಡೆ ಹೋದೆವು. ಕಾಫಿ ತೋಟದ ಆ ಸೀಮೆಯಲ್ಲಿ ಹೊನ್ನಮೇಟಿ ಕಲ್ಲೆಂಬ ಒಂದು ಬಂಡೆಯಿದೆ. ತಟ್ಟಿದರೆ ಲೋಹದ ನಾದ ಕೊಡುತ್ತದೆ. ಹಿರಿಯರು ಒಂದು ಹರಳುಕಲ್ಲನ್ನು ಆಯ್ದುಕೊಂಡು ಮೆಲ್ಲಗೆ ತಟ್ಟಿದರು. ಆ ನಿನಾದವನ್ನು ಕೇಳಿದೊಡನೆ ನನಗೆ ಕಣ್ಣು ತುಂಬಿಬಂತು. ಏಕೆಂದರೆ ಅದಕ್ಕೆ ಎರಡು ವರ್ಷ ಹಿಂದೆ, ಗಣಿಯ ದೂಳು ತುಂಬಿದ ಶ್ವಾಸಕೋಶಗಳೊಡನೆ ತೀರಿಕೊಂಡಿದ್ದ ನನ್ನ ತಂದೆಯವರು, ಬಂಡೆ ಗಂಟೆಯಂತೆ ನಿನದಿಸುತ್ತದೆಂದು ಹೇಳುತ್ತಿದ್ದುದರ ಅರ್ಥ ನನಗೆ ಆ ಕ್ಷಣದವರೆಗೂ ಕಿವಿಗೆ ನಿಲುಕಿರಲಿಲ್ಲ. ಆ ಹಿರಿಯರು ನನ್ನ ಮುಖ ನೋಡಿ, ಕಲ್ಲನ್ನು ನನ್ನ ಕೈಗಿತ್ತು, ತಟ್ಟೆಂದು ಸನ್ನೆ ಮಾಡಿ, ಹುಡುಗರನ್ನು ಕರೆದುಕೊಂಡು ಕೊಂಚ ದೂರ ಹೋಗಿ ಕುಳಿತರು. ಅವರಿಗೆ ನಾನು ಕಾರಣವನ್ನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಕಾಡಿನ ಸದ್ದುಗಳಷ್ಟೇ ನಿಷ್ಕೃಷ್ಟವಾಗಿ ಅವರು ಮನುಷ್ಯರ ಮುಖಗಳನ್ನೂ ಓದಬಲ್ಲವರಾಗಿದ್ದರು.

ರಾತ್ರಿ ಬೆಂಕಿಯ ಮುಂದೆ ಅವರು ಹೇಳಿದ ಕಥೆಯನ್ನು ನೀವೂ ಕೇಳುವಿರಿ. ಬಿಳಿಗಿರಿಯ ರಂಗಸ್ವಾಮಿ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನು. ಆದುದರಿಂದ ಊರಿನ ಜನಕ್ಕೆ ಸ್ವಾಮಿಯಾದ ಆತನು ಸೋಲಿಗರಿಗೆ ಭಾವ. ಗೋರುಕನ ಪದ ಹೇಳುತ್ತ ರಾತ್ರಿಯೆಲ್ಲ ಕುಣಿಯುವ ಆ ಜನ ಆತನನ್ನು ಭಾವನೆಂದೇ ಛೇಡಿಸುತ್ತಾರೆ, ಭಾವನೆಂದೇ ಮೊರೆಯಿಡುತ್ತಾರೆ. ಗುಡಿಯಲ್ಲಿ ಸ್ವಾಮಿಯ ಬೃಹದಾಕಾರದ ಚರ್ಮದ ಪಾದರಕ್ಷೆಗಳಿವೆ. ರಾತ್ರಿಯ ಹೊತ್ತು ಅವನ್ನು ಮೆಟ್ಟಿಕೊಂಡು ಸ್ವಾಮಿ ಕಾಡಿನಲ್ಲಿ ಸಂಚರಿಸುತ್ತಾನೆ, ಆದ್ದರಿಂದ ಅವು ಸವೆಯುತ್ತವೆ, ಸವೆದ ಮೇಲೆ ಹೊಸ ಜೋಡು ಮಾಡಿ ಒಪ್ಪಿಸುವುದು ಬೂದಿತಿಟ್ಟಿನ ಚರ್ಮಕಾರ ಮನೆತನದವರ ಹಕ್ಕು. ದೇವರೂ ಕಾಲ್ನಡಿಗೆಯವನಾಗಿರುವ ಬೆಟ್ಟ ಅದು. ನೀವು ಅಲ್ಲಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಿರುವುದು ನನಗೆ ಬಹಳ ಒಪ್ಪಿಗೆಯಾದ ಸಂಗತಿ.

ಇನ್ನು ನನ್ನ ಅಪರಾಧದ ಮಾತು. ಮರಳಿ ಬಂದ ಮೇಲೆ ಶಾಲೆಯ ವಾರ್ಷಿಕ ಸಂಚಿಕೆಗೆ ನಾನು ಹನ್ನೊಂದು ಪುಟದ ಪ್ರವಾಸಕಥನ ಬರೆದೆನು. ಅದರಲ್ಲಿ ಶಿಖರಗಳ ಎತ್ತರವಿತ್ತು, ಇಪ್ಪತ್ತೇಳು ಮರಗಳ ಹೆಸರಿತ್ತು, ನಾವು ಉಂಡ ಅನ್ನದ ಹದವನ್ನೂ ಬಿಡದೆ ಬರೆದಿದ್ದೆನು. ದಾರಿ ತೋರಿದ ಹಿರಿಯರ ವಿಚಾರವಾಗಿ "ನಮ್ಮೊಡನೆ ಒಬ್ಬ ಸೋಲಿಗನೂ ಇದ್ದನು" ಎಂಬ ಒಂದು ವಾಕ್ಯವಿತ್ತು. ಏಕವಚನದಲ್ಲಿ; ಹೆಸರಿಲ್ಲದೆ. ಮೂರು ದಿನ ಅವರ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆದವನು, ಅವರು ಕೈ ಮೇಲೆತ್ತಿದುದರಿಂದಲೇ ಹನ್ನೆರಡು ಮಕ್ಕಳನ್ನು ಜೀವಸಹಿತ ಮನೆಗೆ ಕರೆತಂದವನು, ಅವರ ಹೆಸರೇನೆಂದು ಒಮ್ಮೆಯೂ ಕೇಳಿರಲಿಲ್ಲ. ಆ ಲೇಖನವನ್ನು ಎಲ್ಲರೂ ಹೊಗಳಿದರು. ಕೆಲವು ವರ್ಷಗಳ ಮೇಲೆ ವಾರೆನ್ನನ ವೃತ್ತಾಂತವನ್ನು ಓದಿ, ಉರಿಗಾಮಿನ ಹಳ್ಳಿಗರ ಹೆಸರನ್ನು ಬರೆಯದೆ ಹೋದನಲ್ಲಾ ಎಂದು ಆ ಪರಕೀಯನ ಮೇಲೆ ಕೋಪಗೊಂಡ ಸಂಜೆಯೇ, ನನ್ನ ಹನ್ನೊಂದು ಪುಟ ನೆನಪಾಯಿತು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆತನಾದರೋ ಭಾಷೆಯರಿಯದ ಪರದೇಶಿ. ನಾನು ಕನ್ನಡದ ಉಪಾಧ್ಯಾಯ, ಅವರು ಕನ್ನಡಕ್ಕೆ ಒಡಹುಟ್ಟಿದಂಥ ನುಡಿಯನ್ನಾಡುವವರು.

ಹೆಸರು ಕೇಳದಿದ್ದುದರ ಫಲ ಶಿಷ್ಟಾಚಾರದ ಲೋಪದಷ್ಟಕ್ಕೇ ನಿಲ್ಲುವುದಿಲ್ಲವೆಂಬುದಕ್ಕೆ ಸೋಲಿಗರ ಈಚಿನ ಚರಿತ್ರೆಯೇ ಸಾಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, 1974ರಲ್ಲಿ ಆ ಬೆಟ್ಟಗಳು ವನ್ಯಜೀವಿಧಾಮವಾದುದೂ ಸೇರಿ, ಅವರ ಬೇಟೆಯನ್ನೂ ಸ್ಥಳದಿಂದ ಸ್ಥಳಕ್ಕೆ ಸರಿಯುತ್ತಿದ್ದ ಬೇಸಾಯವನ್ನೂ ನಿಲ್ಲಿಸಿದವು. ಅವರು ಪೋಡುಗಳೆಂಬ ಖಾಯಂ ವಸತಿಗಳಲ್ಲಿ ನೆಲೆಯೂರಬೇಕಾಯಿತು. ಬೇಸಗೆಯ ಮೊದಲಿಗೆ ತರಗೆಲೆಗೆ ಅವರು ಹಾಕುತ್ತಿದ್ದ ನೆಲಮಟ್ಟದ ಸಣ್ಣ ಬೆಂಕಿಗೂ ನಿಷೇಧ ಬಂತು. ಆ ಬೆಂಕಿ ನಿಂತ ಮೇಲೆ ಲಂಟಾನ ಕಾಡನ್ನು ಮುಚ್ಚಿತೆಂದೂ, ನೆಲ್ಲಿಯ ಮರಗಳಿಗೆ ಬಂದಳಿಕೆ ಹೆಚ್ಚಿತೆಂದೂ ಸೋಲಿಗರು ಹೇಳುತ್ತಲೇ ಇದ್ದರು. ವಿಜ್ಞಾನಿಗಳು ಆ ಮಾತನ್ನು ಗಂಭೀರವಾಗಿ ಪರಿಶೀಲಿಸತೊಡಗಿದ್ದು ಬಹಳ ತಡವಾಗಿ. ಹೇಳುವವನಿಗೆ ಹೆಸರಿಲ್ಲದಿದ್ದರೆ ಹೇಳಿದ ಮಾತಿಗೂ ಬೆಲೆ ಬಾರದು. 1981ರಿಂದ ಡಾ. ಎಚ್. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಅಲ್ಲಿ ಆಸ್ಪತ್ರೆಯನ್ನೂ ಶಾಲೆಯನ್ನೂ ನಡೆಸಿತು; ಆ ಬೆಟ್ಟಗಳ ಮಕ್ಕಳೇ ಓದಿ ತಮ್ಮ ಮಾತನ್ನು ತಾವೇ ಬರೆಯಬಲ್ಲವರಾದರು. ಅರಣ್ಯ ಹಕ್ಕುಗಳ 2006ರ ಕಾಯಿದೆ ಬಂದು, ಸೋಲಿಗರು ಅವಿರತವಾಗಿ ಹೋರಾಡಿ, 2011ರ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಅಂಥ ಹಕ್ಕು ಮಾನ್ಯವಾದುದು ಭಾರತದಲ್ಲಿ ಅದೇ ಮೊದಲು. ನೀವು ಹೋಗುತ್ತಿರುವುದು ಸರಕಾರದ ಕಾಡಿಗೆ ಮಾತ್ರವಲ್ಲ, ಕಾನೂನಿನ ಪ್ರಕಾರವೂ ಹಕ್ಕುಳ್ಳ ಜನರ ನೆಲಕ್ಕೆಂಬುದು ನಿಮ್ಮ ನೆನಪಿನಲ್ಲಿರಲಿ.

ನೋಡುವ ಕಣ್ಣುಗಳ ವಿಚಾರವಾಗಿಯೂ ಒಂದು ಮಾತು. ಒಂದು ಚಲನಚಿತ್ರ ಪ್ರಸಿದ್ಧವಾದಂದಿನಿಂದ ನಮ್ಮೂರಿಗೆ ಎಷ್ಟು ಜನ ಅಪರಿಚಿತರು ಬರುತ್ತಾರೆಂಬುದನ್ನು ನೀವು ಬಲ್ಲಿರಿ. ಗಣಿಯ ತ್ಯಾಜ್ಯ ಮಣ್ಣಿನ ಸೈನೈಡ್ ದಿಬ್ಬದ ಮೇಲೆ ಹತ್ತಿ, ಮುಚ್ಚಿದ ಶಾಫ್ಟಿನ ಬೇಲಿಗೆ ಒರಗಿ, ತಮ್ಮ ಚಿತ್ರವನ್ನು ತಾವೇ ತೆಗೆದುಕೊಂಡು, ಲೈನುಗಳ ನಡುವೆ ವಾಹನ ಓಡಿಸಿಕೊಂಡು ಹೊರಟುಹೋಗುತ್ತಾರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಈ ಹತ್ತಡಿ ಉದ್ದದ ಮನೆಗಳಲ್ಲಿ ಜನ ಹೇಗೆ ಬದುಕಿದರೆಂದು ಅವರಲ್ಲಿ ಕೇಳಿದವರು ವಿರಳ. ಜಗಲಿಯ ಮೇಲೆ ಕುಳಿತು ಕೆಮ್ಮುತ್ತಿದ್ದ ನಮ್ಮ ನೆರೆಯ ಮುದುಕರೊಬ್ಬರ ಮುಖಕ್ಕೆ ಕ್ಯಾಮರಾ ಹಿಡಿದು, ಒಂದು ನಮಸ್ಕಾರವನ್ನೂ ಹೇಳದೆ ಹೋದವರನ್ನು ನೀವೇ ತಡೆದು ನಿಲ್ಲಿಸಿ ಕೇಳಿದ್ದಿರೆಂದು ನನಗೆ ನೆನಪಿದೆ. ಆ ದಿನ ನಿಮ್ಮ ಎದೆಯಲ್ಲಿ ಹುಟ್ಟಿದ ಉರಿಯನ್ನು ಬಿಳಿಗಿರಿಗೆ ಜೊತೆಯಲ್ಲಿ ಕೊಂಡೊಯ್ಯಿರಿ. ಪೋಡಿನೊಳಗೆ ಕರೆಯದೆ ಕಾಲಿಡಬೇಡಿರಿ. ಮಕ್ಕಳ ಚಿತ್ರ ತೆಗೆಯಬೇಡಿರಿ. ದೇವರ ಕಲ್ಲನ್ನು ಮುಟ್ಟಬೇಡಿರಿ; ಪಾದರಕ್ಷೆ ಎಲ್ಲಿ ಕಳಚಬೇಕೆಂಬುದನ್ನು ಮುಂದೆ ನಡೆಯುವವರ ಕಾಲು ನೋಡಿ ತಿಳಿಯಿರಿ. ಇಲಾಖೆ ಅನುಮತಿಸಿದ ಹಾದಿಯಲ್ಲಿ ಹಗಲು ನಡೆದು, ಕತ್ತಲಾಗುವ ಮೊದಲೇ ಬೆಟ್ಟದ ಊರಿಗೆ ಮರಳುವಿರೆಂದು ನೀವು ಹಾಕಿಕೊಂಡಿರುವ ಕ್ರಮ ಉಚಿತವಾಗಿದೆ. ಅದನ್ನು ಯಾರ ಉತ್ಸಾಹಕ್ಕಾಗಿಯೂ ಮುರಿಯಬೇಡಿರಿ. ಕೂಲಿಯ ವಿಷಯದಲ್ಲಿ ಚೌಕಾಸಿ ಬೇಡ. ನಮ್ಮ ತಂದೆಯಂದಿರ ಕೂಲಿಯನ್ನು ಚೌಕಾಸಿ ಮಾಡಿದವರನ್ನು ನಾವಿನ್ನೂ ಮರೆತಿಲ್ಲ.

ಮೊದಲನೆಯ ದಿನ ಬೆಳಿಗ್ಗೆ, ಒಂದು ಹೆಜ್ಜೆಯನ್ನೂ ಇಡುವ ಮೊದಲು, ನಿಮಗೆ ದಾರಿ ತೋರಲು ಬಂದವರ ಬಳಿಗೆ ಹೋಗಿ, ನಿಮ್ಮ ನಿಮ್ಮ ಹೆಸರುಗಳನ್ನೂ, ನೀವು ಗಣಿಯವರ ಮಕ್ಕಳೆಂಬುದನ್ನೂ ಹೇಳಿರಿ; ಅನಂತರ ಅವರ ಹೆಸರನ್ನೂ, ಅವರ ಪೋಡಿನ ಹೆಸರನ್ನೂ, ಅವರು ಹೇಳಲು ಇಷ್ಟಪಟ್ಟರೆ ಕುಲದ ಹೆಸರನ್ನೂ ಕೇಳಿ, ಅವರ ಒಪ್ಪಿಗೆ ಪಡೆದು, ನಿಮ್ಮ ಕೈಪಿಡಿಯ ಮೊದಲನೆಯ ಪುಟದಲ್ಲಿ, ನನ್ನ ಆಶೀರ್ವಚನಕ್ಕೆಂದು ನೀವು ಬಿಟ್ಟಿರುವ ಜಾಗದಲ್ಲಿ ಬರೆಯಿರಿ. ಮರಗಳ ಹೆಸರು ಎರಡನೆಯ ಪುಟದಿಂದ ಬರಲಿ.

ಇನ್ನೊಂದು ಉಪಕಾರವನ್ನು ನಿಮ್ಮಿಂದ ಬೇಡುತ್ತೇನೆ. ಬೆಟ್ಟದ ಪೋಡುಗಳಲ್ಲಿ ಹಿರಿಯರು ಸಿಕ್ಕಿದರೆ ವಿಚಾರಿಸಿರಿ: 1988ರ ಚಳಿಗಾಲದಲ್ಲಿ ಕೋಲಾರದ ಗಣಿಯೂರಿನಿಂದ ಬಂದಿದ್ದ ಹನ್ನೆರಡು ಹುಡುಗರನ್ನೂ ಒಬ್ಬ ಮೇಷ್ಟರನ್ನೂ ಮೂರು ದಿನ ಕಾಡಿನಲ್ಲಿ ನಡೆಸಿದವರು, ಎಡಭುಜದ ಮೇಲೆ ಕರಡಿಯ ಮೂರು ಗೆರೆಗಳಿದ್ದವರು, ಯಾರು? ಅವರು ಈಗ ಇರಲಾರರು, ಮಕ್ಕಳಿರಬಹುದು, ಮೊಮ್ಮಕ್ಕಳಿರಬಹುದು. ಸಿಕ್ಕಿದರೆ, ಆ ಮೇಷ್ಟರು ಕ್ಷಮೆ ಕೇಳಿದರೆಂದು ಹೇಳಿ, ಅವರ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ತನ್ನಿರಿ. ಆ ಹಳೆಯ ಸಂಚಿಕೆ ನನ್ನ ಪೆಟ್ಟಿಗೆಯಲ್ಲಿದೆ. ಅದರಲ್ಲಿ ಆ ವಾಕ್ಯದ ಪಕ್ಕದ ಅಂಚು ಇನ್ನೂ ಖಾಲಿಯಾಗಿಯೇ ಉಳಿದಿದೆ.

ಇತಿ ನಿಮ್ಮ ಹಿತೈಷಿ,
ನಂದಿದುರ್ಗದ ನಿವೃತ್ತ ಕನ್ನಡ ಉಪಾಧ್ಯಾಯ